ಹಸಿರು ಚುಕ್ಕೆ

ಅಳಿಯ ಬಾಗಿಲಲ್ಲಿ ಇನ್ನೂ ಶೂ ಬಿಚ್ಚುತ್ತಿದ್ದ. ಅಷ್ಟರಲ್ಲೇ ಮಗಳು ಅಪ್ಪನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ಅಪ್ಪಾ, ಹೊಸ ಕಂಪ್ಯೂಟರ್ ಆಟ ಹೇಗಿದೆ ಅಂತ ಅವನು ಕೇಳೇ ಕೇಳ್ತಾನೆ. ಚೆನ್ನಾಗಿದೆ ಅಂದ್ಬಿಡು, ಅಷ್ಟೇ. ಮೂರು ವರ್ಷ ಅದಕ್ಕೇ ಜೀವ ತೇದಿದ್ದಾನೆ.”

“ಸುಳ್ಳು ಹೇಳಿದ್ರೆ ನನ್ನ ಕಿವಿ ಕೆಂಪಾಗತ್ತೆ ಕಣೇ.”

“ಮಫ್ಲರ್ ಸುತ್ಕೊಳ್ಳಿ,” ಎಂದರು ಅಪ್ಪನ ಹೆಂಡತಿ, ಒಲೆಯ ಕಡೆಯಿಂದ ತಿರುಗದೆಯೇ.

ಈ ಮಾವನವರು ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್. ಹಗಲೆಲ್ಲ ಬಸ್ಸು ಬಿಡುವುದು, ಸಂಜೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ಅಂತರಿಕ್ಷ ನೌಕೆ ಬಿಡುವುದು. ಹದಿನಾಲ್ಕು ವರ್ಷದಿಂದ ಒಂದೇ ಆಟ, ‘ಏಳು ಸೂರ್ಯರು’. ಒಂದು ಗ್ರಹಕ್ಕೆ ನೀರು, ಇನ್ನೊಂದಕ್ಕೆ ಇಂಧನ, ಮತ್ತೊಂದಕ್ಕೆ ಸೈನ್ಯ. ಯಾವ ನೌಕೆ ಯಾವಾಗ ಹೊರಡಬೇಕು ಎನ್ನುವುದೇ ಅದರ ಜೀವಾಳ. ನೀರಿನ ನೌಕೆ ತುಸು ತಡವಾದರೂ ಇಡೀ ಗ್ರಹ ದಂಗೆ ಏಳುತ್ತದೆ. ಮಗಳು ಈ ಹುಡುಗನನ್ನು ಮೊದಲ ಸಲ ಮನೆಗೆ ಕರೆತಂದ ದಿನ ಇವರೂ ಅವನೂ ಅರ್ಧ ಗಂಟೆ ತಿರುಗುವ ಫ್ಯಾನ್ ನೋಡುತ್ತಾ ಕೂತಿದ್ದರು. ಕೊನೆಗೆ ಹುಡುಗನ ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು. “ಅಂಕಲ್, ನೀವೂ ಏಳು ಸೂರ್ಯರು ಆಡ್ತೀರಾ?” ಮದುವೆ ಅಲ್ಲೇ ಗಟ್ಟಿಯಾಯಿತು. ಆ ಆಟದ ಎರಡನೆಯ ಭಾಗ ತಯಾರಾಗುತ್ತಿರುವ ಕಂಪನಿಯಲ್ಲೇ ಅವನ ಕೆಲಸ ಎಂದು ಗೊತ್ತಾದಾಗಲಂತೂ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುವ ಹಾಗಾಯಿತು. ಅಲ್ಲಿಂದ ಮಾವ-ಅಳಿಯನ ನಡುವೆ ಮಾತು ಎಂದರೆ ಅದೊಂದೇ.

ಎರಡನೆಯ ಭಾಗ ಎರಡು ತಿಂಗಳ ಹಿಂದೆ ಬಂತು. ಅಳಿಯನೇ ಬಂದು ಕಂಪ್ಯೂಟರಿಗೆ ಹಾಕಿಕೊಟ್ಟು ಹೋದ. ಚಿತ್ರಗಳೇನೋ ಕಣ್ಣು ಕುಕ್ಕುವ ಹಾಗಿದ್ದವು. ಆದರೆ ನೌಕೆಗಳು ತಾವಾಗಿಯೇ ಹೊರಡುತ್ತಿದ್ದವು, ತಾವಾಗಿಯೇ ತಲುಪುತ್ತಿದ್ದವು. ‘ಎಲ್ಲವೂ ಸರಿಯಾಗಿದೆ, ಒಡೆಯಾ’ ಎಂದು ನಿಮಿಷಕ್ಕೊಮ್ಮೆ ಪರದೆಯ ಮೇಲೆ ಬರುತ್ತಿತ್ತು. ಬಸ್ಸುಗಳೆಲ್ಲ ತಾವೇ ಹೊರಟುಬಿಟ್ಟರೆ ಟೈಮ್‌ಕೀಪರಿಗೇನು ಕೆಲಸ? ಮಾವನವರು ಮೂರು ದಿನ ತಾಳಿಕೊಂಡರು. ನಾಲ್ಕನೆಯ ದಿನ ಸದ್ದಿಲ್ಲದೆ ಹಳೆಯ ಆಟಕ್ಕೆ ಮರಳಿದರು. ಅಂದಿನಿಂದ ಒಂದೇ ಚಿಂತೆ: ಚೆನ್ನಾಗಿಲ್ಲ ಎಂದರೆ ಈ ಹುಡುಗನ ಜೊತೆ ಮತ್ತೆ ಫ್ಯಾನ್ ನೋಡುತ್ತಾ ಕೂರುವುದೇ ಗತಿ.

ಕಾಫಿ ಬಂತು. ಅಳಿಯ ಒಂದು ಗುಟುಕು ಕುಡಿದು ಕೇಳಿಯೇ ಬಿಟ್ಟ. “ಮಾವ, ಆಟ ಹೇಗಿದೆ?”

“ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ದಿನಾ ಆಡ್ತೀನಿ.”

“ಎಲ್ಲಿವರೆಗೆ ಬಂದ್ರಿ?”

“ಆರನೇ ಸೂರ್ಯ.”

ಮಾವನವರ ಕಿವಿ ಆಗಲೇ ಕೆಂಪೇರಿತ್ತು. ಅಳಿಯ ಲೋಟ ಕೆಳಗಿಟ್ಟ.

“ಮಾವ, ನಿಮ್ಮ ಅಕೌಂಟ್ ಮಾಡಿಕೊಟ್ಟಿದ್ದು ನಾನೇ ಅಲ್ವಾ? ಆವತ್ತೇ ಹಳೇ ಆಟವನ್ನೂ ಅದಕ್ಕೆ ಸೇರಿಸಿದ್ದೆ. ನನ್ನ ಹೆಸರನ್ನೂ ನಿಮ್ಮ ಫ್ರೆಂಡ್ಸ್ ಲಿಸ್ಟಿಗೆ ಹಾಕಿದ್ದೆ. ನೀವು ಆಡೋಕೆ ಕೂತ್ರೆ ನನ್ನ ಕಂಪ್ಯೂಟರಲ್ಲಿ ನಿಮ್ಮ ಹೆಸರಿನ ಪಕ್ಕ ಹಸಿರು ಚುಕ್ಕೆ ಬರತ್ತೆ. ಯಾವ ಆಟ ಆಡ್ತಿದ್ದೀರಿ ಅಂತಾನೂ ಬರತ್ತೆ.”

ಮಾವನವರು ಅಭ್ಯಾಸಬಲದಿಂದ ಫ್ಯಾನ್ ಕಡೆ ನೋಡಿದರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ತಪ್ಪು ತಿಳ್ಕೋಬೇಡಿ ಅಳಿಯಂದ್ರೇ. ಹಳೇದರಲ್ಲಿ ನೀರು ನಾನೇ ಕಳಿಸಬೇಕು. ತಡ ಆದ್ರೆ ಆ ಗ್ರಹದೋರು ನನ್ನನ್ನೇ ಬೈತಾರೆ. ನಿಮ್ಮ ಹೊಸದರಲ್ಲಿ ನನ್ನನ್ನ ಬೈಯೋರೇ ಇಲ್ಲ.”

“ಅಬ್ಬಾ!” ಅಳಿಯ ಕುರ್ಚಿಗೆ ಒರಗಿ ನಕ್ಕೇಬಿಟ್ಟ. “ನೌಕೆ ಬಿಡೋ ಕೆಲಸ ಆಡೋರ ಕೈಯಲ್ಲೇ ಇರ್ಲಿ ಅಂತ ಆಫೀಸಲ್ಲಿ ಒಂದು ವರ್ಷ ಜಗಳ ಆಡಿದೆ ಮಾವ. ಅದೆಲ್ಲ ಯಾರಿಗೆ ಬೇಕು ಅಂದ್ರು. ಕೊನೆಗೆ ನನ್ನ ಕೈಯಿಂದಲೇ ತೆಗೆಸಿದ್ರು. ನನಗೇ ತಲೆ ಕೆಟ್ಟಿರ್ಬೇಕು ಅಂದ್ಕೊಂಡಿದ್ದೆ. ದಿನಾ ಸಂಜೆ ಆರೂವರೆಗೆ ನಿಮ್ಮ ಚುಕ್ಕೆ ಹಳೇ ಆಟದಲ್ಲಿ ಕಂಡಾಗ ಎಷ್ಟು ಸಮಾಧಾನ ಆಗ್ತಿತ್ತು ಗೊತ್ತಾ?”

“ಮತ್ತೆ ಬಾಯಿ ಬಿಟ್ಟು ಹೇಳೋದಲ್ವೇನ್ರೀ!” ಎಂದರು ಮಾವನವರು.

“ನೀವು ಹದಿನಾಲ್ಕು ವರ್ಷ ಕಾದವ್ರು. ಕೆಡಿಸಿದ ಕೈ ನನ್ನದೇ ಅಂತ ಯಾವ ಬಾಯಲ್ಲಿ ಹೇಳ್ಲಿ?”

ಮಾವನವರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎರಡು ತಿಂಗಳಲ್ಲಿ ಇದೇ ಮೊದಲ ಸಲ ಅವರಿಗೆ ಕಾಫಿ ರುಚಿಸಿತು. ಮಗಳು ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಅಪ್ಪನಿಗೆ ಹೊಸ ಆಟ ಅಂದ್ರೆ ಪ್ರಾಣ ಅಂತ ದಿನಾ ಹೇಳ್ತಿದ್ನಲ್ಲೋ, ಎಲ್ಲ ಗೊತ್ತಿದ್ದೂ ತಲೆ ಆಡಿಸ್ತಿದ್ಯಾ?”

“ನೀನು ಅಷ್ಟು ಕಷ್ಟಪಟ್ಟು ಹೇಳ್ತಿದ್ದೆ,” ಎಂದ ಅಳಿಯ.

ಮಾವನವರು ಆಗಲೇ ಕಂಪ್ಯೂಟರಿನ ಮುಂದೆ ಕೂತಿದ್ದರು. ಇಷ್ಟು ದಿನ ಕಣ್ಣೆತ್ತಿಯೂ ನೋಡದಿದ್ದ ಆ ಫ್ರೆಂಡ್ಸ್ ಲಿಸ್ಟ್ ತೆರೆದರು. ಅದರಲ್ಲಿ ಇದ್ದದ್ದು ಒಂದೇ ಹೆಸರು. ಕನ್ನಡಕ ಸರಿಮಾಡಿಕೊಂಡು, ಬಸ್ಸಿನ ವೇಳೆ ಕೂಗಿ ಹೇಳುವ ದನಿಯಲ್ಲೇ ಓದಿದರು.

“ಅಳಿಯಂದ್ರು. ಕೊನೆಯ ಸಲ ಆಡಿದ್ದು, ಏಳು ಸೂರ್ಯರು, ಭಾಗ ಒಂದು. ಇವತ್ತು ಬೆಳಿಗ್ಗೆ ಎಂಟರಿಂದ ಹತ್ತೂವರೆ.”

“ಬೆಳಿಗ್ಗೆನಾ?” ಮಗಳು ಗಂಡನ ಕಡೆ ತಿರುಗಿದಳು. “ಆಫೀಸ್ ಕೆಲಸ ತಲೆ ಮೇಲಿದೆ, ಬಟ್ಟೆ ನೀನೇ ಬ್ಯಾಗಿಗೆ ತುಂಬಿಸ್ಕೋ ಅಂದ್ಯಲ್ಲ?”

“ಅದೂ... ಆಫೀಸ್ ಕೆಲಸಾನೇ,” ಎಂದ ಅಳಿಯ.

ಮಾವನವರು ಎದ್ದು ಬಾಗಿಲ ಹಿಂದಿನ ಮೊಳೆಯಿಂದ ಮಫ್ಲರ್ ತೆಗೆದರು. ತಂದು ಅಳಿಯನ ಕಿವಿಗೆ ಸುತ್ತಿದರು.