ಮೊದಲ ಏಟು

ಹಾಯಿಹಡಗಿನ ಕಪ್ತಾನನ ಮೇಲೆ ದಾವೆ ಹೂಡಿದ್ದ ಒಕ್ಕಣ್ಣ ನಾವಿಕ ಲಂಡನ್ನಿನ ಕೋರ್ಟಿನಲ್ಲಿ ಕೈಕಟ್ಟಿ ನಿಂತಿದ್ದ.

"ಕಪ್ತಾನ ಹೊಡೆದರೆ ಮೊದಲ ಏಟನ್ನು ನಾವಿಕ ತಾಳಿಕೊಳ್ಳಬೇಕು. ಎರಡನೆಯದು ಬಿದ್ದರೆ ತಿರುಗಿ ಹೊಡೆಯಬಹುದು. ಇದು ಕಡಲಿನ ಕಾನೂನು," ಎಂದರು ನ್ಯಾಯಾಧೀಶರು. "ನಿನಗೆ ಎಷ್ಟು ಏಟು ಬಿತ್ತು?"

"ಒಂದೇ ಸ್ವಾಮಿ, ಕಬ್ಬಿಣದ ಸಲಾಕೆಯಲ್ಲಿ. ಅದಕ್ಕೇ ಕಣ್ಣು ಹೋಯಿತು."

"ಹಾಗಾದರೆ ನಿನ್ನ ದೂರು ನಿಲ್ಲುವುದಿಲ್ಲ."

ಕಪ್ತಾನ ಗಹಗಹಿಸಿ ನಕ್ಕ. ನಾವಿಕ ಅವನ ಮುಖಕ್ಕೆ ಕ್ಯಾಕರಿಸಿ ಉಗಿದ. ಕೆರಳಿದ ಕಪ್ತಾನ ಬೆತ್ತದ ಹಿಡಿಯಿಂದ ಅವನ ದವಡೆಗೆ ಬಾರಿಸಿದ. ಎರಡು ಹಲ್ಲು ಉದುರಿದವು.

ನಾವಿಕ ಬಾಯಿಯ ರಕ್ತ ಒರೆಸಿಕೊಂಡು ನ್ಯಾಯಾಧೀಶರ ಕಡೆ ತಿರುಗಿದ.

"ಈಗ ಏಟು ಎರಡಾಯಿತು, ಸ್ವಾಮಿ," ಎಂದವನೇ ಕಪ್ತಾನನ ಕಣ್ಣಿಗೆ ಹೆಬ್ಬೆರಳು ತೂರಿಸಿದ.