ನಡುವಿನ ರೂಪ

"ಇನ್ನೊಂದ್ಸಲ ಎಳೀರಿ, ಮೇಡಂ."

ಪರೀಕ್ಷಕಿ ತೂಕದ ಕೊಕ್ಕೆಯನ್ನು ಆಟಿಕೆ ರೋಬೋದ ಬಲ ಮುಷ್ಟಿಗೆ ಸಿಕ್ಕಿಸಿ ಮತ್ತೊಮ್ಮೆ ಎಳೆದಳು. ಮುಳ್ಳು ಒಂಬತ್ತು ಕಿಲೋ ದಾಟಿತು. ಮುಷ್ಟಿ ಜಗ್ಗಲಿಲ್ಲ.

"ಗಟ್ಟಿಯಾಗಿದೆ."

ಎದುರಿಗೆ ಕುಳಿತಿದ್ದ ವಿನ್ಯಾಸಕಾರ ಹಣೆ ಒರೆಸಿಕೊಂಡ. ನಗಲಿಲ್ಲ.

ಅವಳೆದುರು ಯಾರೂ ಅಷ್ಟು ಬೇಗ ನಗುತ್ತಿರಲಿಲ್ಲ. ಇಪ್ಪತ್ತೊಂದು ವರ್ಷಗಳಿಂದ ಅವಳು ಆಟಿಕೆಗಳನ್ನು ಎಳೆದು, ತಿರುಚಿ, ನೆಲಕ್ಕೆ ಬೀಳಿಸಿ ತೀರ್ಪು ಹೇಳುತ್ತಿದ್ದಳು. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದುದು 'ಒಲ್ಲೆ ಮೇಡಂ' ಎಂದು. ಹುಟ್ಟಿದ ದಿನ ತನ್ನ ತೊಟ್ಟಿಲನ್ನೇ ಫೇಲ್ ಮಾಡಿದವಳು ಎಂಬ ತಮಾಷೆ ಅವಳ ಕಿವಿಗೂ ಬಿದ್ದಿತ್ತು. ಅತ್ತವರನ್ನು ನೋಡಿದ್ದಳು. ಕುರ್ಚಿ ಎತ್ತಿದವರನ್ನೂ ನೋಡಿದ್ದಳು. ಆದರೆ ಹೆಂಡತಿಯನ್ನು ಜೊತೆಗೆ ಕರೆತಂದವನು ಇವನೇ ಮೊದಲು.

ಹೆಂಡತಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಬ್ಯಾಗು. ಬಂದಾಗಿನಿಂದ ಮೇಜಿನ ಕಡೆ ಒಮ್ಮೆಯೂ ನೋಡಿರಲಿಲ್ಲ. ಕರುಣೆ ಗಿಟ್ಟಿಸುವ ಹೊಸ ಹಂಚಿಕೆ, ಎಂದುಕೊಂಡಳು ಪರೀಕ್ಷಕಿ.

"ಹೊಸ ಪೀಸು ತರಬೇಕಿತ್ತು," ಎಂದಳು. "ಮೊಣಕೈ ಬಣ್ಣವೆಲ್ಲ ಸವೆದಿದೆ."

"ಇದೇ ಆಗಬೇಕು, ಮೇಡಂ."

"ನಿಮ್ಮ ಕಂಪನಿಯೋರು ಎರಡು ವರ್ಷದ ಹಿಂದೇನೇ ಪಾಸ್ ಮಾಡಿದಾರಲ್ಲ. ಇಲ್ಲಿದೆ ನೋಡಿ. ಲಾರಿ ರೂಪ, ಪಾಸು. ರೋಬೋ ರೂಪ, ಪಾಸು. ಮತ್ಯಾಕೆ ಅಂಗಡಿಗೆ ಬರಲಿಲ್ಲ?"

"ನಿಂತುಹೋಯ್ತು." ಅವನು ಗಂಟಲು ಸರಿಮಾಡಿಕೊಂಡ. "ನಾನು ಎಷ್ಟು ಹೇಳಿದ್ರೂ ನಂಬ್ತಿಲ್ಲ. ನೀವು ಹೇಳಿದ್ರೆ ನಂಬಬಹುದು. ನಮ್ಮ ಸಂಸಾರವೇ ಇದರ ಮೇಲೆ ನಿಂತಿದೆ."

"ಎಲ್ಲರೂ ಹಾಗೇ ಹೇಳ್ತಾರೆ," ಎಂದಳು ಅವಳು, ಗಡುಸಾಗಿ.

ರೋಬೋವನ್ನು ಕೈಗೆತ್ತಿಕೊಂಡಳು. ಕಾಲು ಹಿಂದಕ್ಕೆ, ಎದೆ ಕೆಳಕ್ಕೆ, ತೋಳು ಒಳಕ್ಕೆ. ಹನ್ನೊಂದೇ ತಿರುವಿನಲ್ಲಿ ಅದು ಕೆಂಪು ಲಾರಿಯಾಯಿತು. ಮುಷ್ಟಿಗಳು ದೀಪದ ಹಿಂದೆ ಗೂಡು ಸೇರಿದವು. ಮತ್ತೆ ಹನ್ನೊಂದು ತಿರುವು. ರೋಬೋ ಎದ್ದು ನಿಂತಿತು. ಮಣಿಕಟ್ಟಿನ ಬಳೆಗಳು ಕಟಕ್ಕೆಂದು ಇಳಿದು ಮುಷ್ಟಿಗಳನ್ನು ಕಚ್ಚಿ ಹಿಡಿದವು.

ಅಪರೂಪಕ್ಕೆ ಅವಳ ಬಾಯಿಂದ ಹೊಗಳಿಕೆ ಬಂತು. "ಇಷ್ಟು ಸಲೀಸಾಗಿ ಮಡಚಿಕೊಳ್ಳೋದನ್ನ ನಾನು ನೋಡೇ ಇಲ್ಲ. ಒಳ್ಳೇ ಕೈ ನಿಮ್ಮದು."

ವಿನ್ಯಾಸಕಾರ ತಲೆ ತಗ್ಗಿಸಿದ. ಗೋಡೆಯ ಪಕ್ಕದಲ್ಲಿ ಬ್ಯಾಗಿನ ಮೇಲಿನ ಹಿಡಿತ ಬಿಗಿಯಾಯಿತು.

ಅವಳು ಹಸಿರು ಮೊಹರಿಗೆ ಕೈ ಚಾಚಿದಳು. ರೂಢಿಯ ಕೊನೆಯ ಪ್ರಶ್ನೆ ಉಳಿದಿತ್ತು.

"ಮಕ್ಕಳ ಕೈಗೆ ಕೊಟ್ಟು ನೋಡಿದ್ರಾ?"

"ಒಬ್ಬಳಿಗೆ. ಮೂರು ವರ್ಷದವಳು."

"ಲಾರಿ ಮಾಡಿದಳಾ?"

"ಅರ್ಧ ಮಾಡಿದಳು."

ಮೊಹರು ಗಾಳಿಯಲ್ಲೇ ನಿಂತಿತು. ಸತ್ಯ ಹೇಳಿ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ, ಪಾಪ, ಅನ್ನಿಸಿತು ಅವಳಿಗೆ. ಈ ಕಸುಬಿನವರೆಲ್ಲ ಮಾಡುವ ತಪ್ಪು ಒಂದೇ. ಮಾಡಿದವನ ಕೈ ತಿರುವನ್ನು ಕೊನೆ ಮುಟ್ಟಿಸದೆ ಬಿಡುವುದಿಲ್ಲ. ಪರೀಕ್ಷೆ ಮಾಡುವವರ ಕೈಯೂ ಅಷ್ಟೇ. ಇಂದು ಅವಳೂ ಅದನ್ನೇ ಮಾಡಿದ್ದಳು. ಮಗು ಮಾತ್ರ ಬೇಜಾರಾದ ಕಡೆ ನಿಲ್ಲಿಸುತ್ತದೆ.

ಮೊಹರನ್ನು ಕೆಳಗಿಟ್ಟಳು. ಒಂದು, ಎರಡು, ಮೂರು. ಐದನೇ ತಿರುವಿಗೆ ಬಳೆ ಮೇಲಕ್ಕೆ ಸರಿದಿತ್ತು, ಮುಷ್ಟಿ ಇನ್ನೂ ಗೂಡು ಸೇರಿರಲಿಲ್ಲ. ಲಾರಿಯೂ ಅಲ್ಲ, ರೋಬೋವೂ ಅಲ್ಲ. ಕೊಕ್ಕೆ ಬೇಕಾಗಲಿಲ್ಲ. ಎರಡು ಬೆರಳಲ್ಲಿ ಹಿಡಿದು ತಿರುಚಿದಳು.

ಮುಷ್ಟಿ ಕೈಗೆ ಬಂತು.

ಮೇಜಿನ ಮೇಲೆ ಉಕ್ಕಿನ ಕೊಳವೆಯಿತ್ತು. ಎಳೆಗಂಟಲಿನ ಅಳತೆ ಅದರದು. ಒಳಗೆ ಬಿದ್ದು ಮರೆಯಾದದ್ದು ಮಗುವಿನ ಕೈಗೆ ಸಿಗಬಾರದು. ಅವಳು ಮುಷ್ಟಿಯನ್ನು ಅದರ ಬಾಯಿಗೆ ಬಿಟ್ಟಳು. ಟಣ್ ಎಂದು ತಳ ಸೇರಿತು.

ಆ ಸದ್ದಿಗೆ ಹೆಂಡತಿ ಮೊದಲ ಬಾರಿಗೆ ಮೇಜಿನ ಕಡೆ ತಿರುಗಿದಳು.

"ಎಷ್ಟು ಹೊತ್ತು ಬೇಕು?" ಎಂದಳು. "ಅದು ಕಳಚೋಕೆ, ಬಾಯಿಗೆ ಹೋಗೋಕೆ."

ಕನಿಕರಕ್ಕೆ ಇದು ಜಾಗವಲ್ಲ, ಎಂದುಕೊಂಡಳು ಪರೀಕ್ಷಕಿ. "ಹೊತ್ತೆಲ್ಲಿ ಬಂತಮ್ಮ? ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯುತ್ತೆ. ಪಕ್ಕದಲ್ಲೇ ಕೂತಿದ್ರೂ ಗೊತ್ತಾಗಲ್ಲ."

"ಪಕ್ಕದಲ್ಲೇ ಕೂತಿದ್ರೂ?"

"ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ರೂ. ತಪ್ಪು ಇರೋದು ಕೀಲಲ್ಲಿ. ಕಾವಲು ಕೂತು ಏನು ಮಾಡ್ತೀರಿ?"

ವಿನ್ಯಾಸಕಾರ ಮುಂದಕ್ಕೆ ಬಾಗಿದ. "ಅದನ್ನೇ ಬರೆದುಕೊಡಿ, ಮೇಡಂ. ಹೇಳಿದ ಹಾಗೇ."

ಬರೆದಳು. 'ತಿರಸ್ಕರಿಸಲಾಗಿದೆ. ನಡುವಿನ ರೂಪದಲ್ಲಿ ಮುಷ್ಟಿ ಕಳಚುತ್ತದೆ. ದೋಷ ವಿನ್ಯಾಸದ್ದು. ದೊಡ್ಡವರು ಪಕ್ಕದಲ್ಲಿದ್ದರೂ ಅಪಾಯ ತಪ್ಪದು.' ಕೆಂಪು ಮೊಹರು ಒತ್ತಿದಳು. ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿದ ಭಾರ ಎಂದಿನಂತೆ ಎದೆಯ ಮೇಲೆ ಕೂತಿತು. ನೀರಿನ ಲೋಟವನ್ನು ಅವನತ್ತ ಸರಿಸಿ ಕೂಗಾಟಕ್ಕೆ ಸಿದ್ಧಳಾದಳು.

ಅವನು ಕೂಗಲಿಲ್ಲ. ಎದ್ದು ಕೈಮುಗಿದ. ಕಾಗದವನ್ನು ಒಯ್ದು ಹೆಂಡತಿಯ ಮಡಿಲಲ್ಲಿಟ್ಟು, ಅವಳ ಮುಂದೆ ನೆಲಕ್ಕೆ ಕುಸಿದು ಕೂತ.

"ಓದು. ಹಾಲು ಇಳಿಸೋಕೆ ನೀನು ಒಳಗೆ ಹೋಗಿದ್ದಕ್ಕಲ್ಲ ನಮ್ಮ ಪುಟ್ಟಿ ಹೋಗಿದ್ದು."