ಉಪ್ಪಿನಲ್ಲಿಡದ ಚಿಪ್

ಹಳೆಯ ಬಿಡಿಭಾಗ ಯಾವುದೇ ಇರಲಿ, ಮತ್ತೆ ಕರೆಂಟು ಹರಿದ ಕೂಡಲೇ ತಾನು ಕೊನೆಗೆ ಕೇಳಿದ ಮಾತನ್ನು ಒಮ್ಮೆ ಆಡಿಬಿಡುತ್ತದೆ. ಅದಕ್ಕೇ ರಿಪೇರಿಯವರು ಆ ಮಾತು ಅಳಿಯಲೆಂದು ಅದನ್ನು ವಾರಗಟ್ಟಲೆ ಉಪ್ಪಿನಲ್ಲಿ ಹೂತಿಡುತ್ತಾರೆ. ಪ್ರಿಸಿಲ್ಲಾಳ ಗಿಟಾರಿನ ವೈರ್‌ಲೆಸ್ ರಿಸೀವರ್ ಸಂಜೆಯ ಚರ್ಚಿಗೇ ಬೇಕಿತ್ತು. ರಿಪೇರಿ ಅಂಗಡಿಯ ಸುದರ್ಶನ ಗುರುತಿಲ್ಲದ ಡಬ್ಬಿಗೆ ಕೈಹಾಕಿ, ಸಿಕ್ಕಿದ ಚಿಪ್ಪನ್ನೇ ಬೆಸೆದಿದ್ದ.

ಅವಳು ತಂತಿ ಮೀಟುವ ಮೊದಲೇ ಸ್ಪೀಕರಿನಿಂದ ಅವನದೇ ದನಿ ಬಂತು. "ನಿಮ್ಮ ಕಿವಿ ಮಿಷನ್ನು ಪೂರ್ತಿ ಹೋಗಿದೆ, ಗ್ರೇಸ್ ಟೀಚರ್. ಚಿಪ್ಪೇ ಸುಟ್ಟಿದೆ. ಬಿಟ್ಹೋಗಿ, ನಾನೇ ಬಿಸಾಕ್ತೀನಿ."

ಪ್ರಿಸಿಲ್ಲಾ ಅವನ ಮುಖವನ್ನೇ ನೋಡಿದಳು. ಅವನು ಸ್ಕ್ರೂಡ್ರೈವರ್ ಒರೆಸುತ್ತ ತಲೆ ತಗ್ಗಿಸಿದ.

ಬೆಂಚಿನಲ್ಲಿ ಕೂತಿದ್ದ ಅವಳಜ್ಜಿ ಗ್ರೇಸ್ ಟೀಚರ್, ಏನೂ ಕೇಳಿಸದ ಕಿವಿಗೆ ಅಂಗೈ ಆನಿಸಿ ನಕ್ಕರು.

"ಚೆನ್ನಾಗಿ ಬರ್ತಿದೆ ಅಲ್ವೇನಪ್ಪಾ ಸುದರ್ಶನ? ನನ್ನ ಕ್ಲಾಸಲ್ಲೂ ನೀನು ಒಂದು ದಿನಾನೂ ಸುಳ್ಳು ಹೇಳಿದವನಲ್ಲ."

ಅವನು ಹೌದೆಂದು ತಲೆಯಾಡಿಸಿದ.